ಮನ್ನ ನಿಂತ ಮೇಲೆ

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ನಮಗೆ ತುಂಬಾ ಕಷ್ಟವಿತ್ತು. ಬಾಡಿಗೆ ಮನೆ, ತಲೆಮೇಲೆ ಸಾಲ, ಮಗುವಿಗೆ ಪದೇ ಪದೇ ಕಾಯಿಲೆ. ಆಗ ದಿನಾ ರಾತ್ರಿ ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದೆವು. ಈಗ ಇಬ್ಬರಿಗೂ ಒಳ್ಳೆಯ ಕೆಲಸವಿದೆ. ಸ್ವಂತ ಮನೆ, ಉಳಿತಾಯ, ವಿಮೆ ಎಲ್ಲ ಇದೆ. ಭಾನುವಾರ ತಪ್ಪದೆ ಸಭೆಗೆ ಹೋಗುತ್ತೇವೆ, ದಶಮಾಂಶ ಕೊಡುತ್ತೇವೆ. ಆದರೆ ಪ್ರಾರ್ಥನೆಗೆ ಕುಳಿತರೆ ಕೇಳುವುದಕ್ಕೇ ಏನೂ ಹೊಳೆಯುವುದಿಲ್ಲ. ದೇವರು ಬೇಡವಾಗಿಲ್ಲ, ಬೇಕು ಅಂತಲೂ ಅನಿಸುತ್ತಿಲ್ಲ. ಸ್ವಂತ ಕಾಲ ಮೇಲೆ ನಿಲ್ಲುವುದು ತಪ್ಪಾ? ಇದನ್ನೆಲ್ಲ ಬಿಟ್ಟುಬಿಡಬೇಕಾ? ನಮ್ಮ ಮಕ್ಕಳು ಕಷ್ಟವನ್ನೇ ನೋಡಿಲ್ಲ. ಅವರಿಗೆ ನಂಬಿಕೆ ಹೇಗೆ ಬರುತ್ತದೆ?

ಉತ್ತರ: ‘ಬೇಡವಾಗಿಲ್ಲ, ಬೇಕು ಅಂತಲೂ ಅನಿಸುತ್ತಿಲ್ಲ’ ಎಂಬ ಮಾತನ್ನು ಎರಡು ಸಲ ಓದಿದೆ. ಇಷ್ಟು ಬಿಚ್ಚುಮನಸ್ಸಿನಿಂದ ಹೇಳುವವರು ಕಡಿಮೆ. ‘ಟೈಮೇ ಸಿಗಲ್ಲ ಪಾಸ್ಟರ್’ ಎಂದು ಹೇಳಿ ಜಾರಿಕೊಳ್ಳುವವರೇ ಜಾಸ್ತಿ. ನಿಮ್ಮ ತೊಂದರೆ ಸಮಯದ್ದಲ್ಲ ಎಂದು ನಿಮಗೇ ಗೊತ್ತಾಗಿದೆ. ಅರ್ಧ ಕೆಲಸ ಆದ ಹಾಗೆ.

ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ದುಡಿದು ಸ್ವಂತ ಕಾಲ ಮೇಲೆ ನಿಲ್ಲುವುದು ತಪ್ಪಲ್ಲ. ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಎಂದು ಥೆಸಲೊನೀಕದವರಿಗೆ ಖಾರವಾಗಿ ಬರೆದವನು ಪೌಲನೇ. ಅವನು ಗುಡಾರ ಮಾಡುವ ಕಸುಬಿನಿಂದ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದ. ಉಳಿತಾಯ ಮಾಡುವುದೂ ವಿಮೆ ಮಾಡಿಸುವುದೂ ಅವಿಶ್ವಾಸ ಎಂದು ಪ್ರಸಂಗ ಮಾಡುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅಪಾಯ ಇರುವುದು ಬೇರೆ ಕಡೆ.

ಅದು ಎಲ್ಲಿದೆ ಎಂದು ತಿಳಿಯಲು ಯೆಹೋಶುವನ ಪುಸ್ತಕದ 5ನೆಯ ಅಧ್ಯಾಯ ತೆರೆಯಿರಿ. ಎಲ್ಲರೂ ಯೆರಿಕೋವಿನ ಗೋಡೆ ಬಿದ್ದ ಕತೆಗೆ ಅವಸರದಲ್ಲಿ ಹೋಗಿಬಿಡುತ್ತಾರೆ. ಅದಕ್ಕೆ ಮೊದಲು ಒಂದು ಸಣ್ಣ ವಚನವಿದೆ, 12ನೆಯದು. ಇಸ್ರಾಯೇಲ್ಯರು ಕಾನಾನ್ ದೇಶದ ಬೆಳೆಯನ್ನು ತಿಂದ ಮರುದಿನ, ಅರಣ್ಯದ ದಾರಿಯಲ್ಲಿ ದೇವರು ಕೊಡುತ್ತಿದ್ದ ಮನ್ನ ನಿಂತುಹೋಯಿತು. ಅಷ್ಟೇ. ಗುಡುಗಿಲ್ಲ, ಶಿಕ್ಷೆಯಿಲ್ಲ. 40 ವರ್ಷ ಬೆಳಗಾದರೆ ನೆಲದ ಮೇಲೆ ಕಾಣುತ್ತಿದ್ದ ಆಹಾರ ಅವತ್ತು ಕಾಣಲಿಲ್ಲ.

ಮನ್ನ ಹೇಗಿತ್ತು ನೆನಪಿದೆಯಲ್ಲ? ಅವತ್ತಿನದು ಅವತ್ತಿಗೆ. ನಾಳೆಗೆ ಅಂತ ಎತ್ತಿಟ್ಟರೆ ಹುಳು ಬಿದ್ದು ನಾರುತ್ತಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಹೀಗಿರುವಾಗ ಕೊಡುವವನನ್ನು ಮರೆಯುವುದು ಕಷ್ಟ. ಅವತ್ತು ಬೆಳಿಗ್ಗೆ ಬೀಳದಿದ್ದರೆ ಅವತ್ತು ಉಪವಾಸ. ಹೊಲದ ಬೆಳೆ ಹಾಗಲ್ಲ. ಉತ್ತಿದ್ದು ನಾನು, ಬಿತ್ತಿದ್ದು ನಾನು, ಕೊಯ್ದು ಕಣಜ ತುಂಬಿಸಿದ್ದೂ ನಾನು. ಕೊಡುವವನು ಬದಲಾಗಲಿಲ್ಲ. ಕೊಡುವ ಕೈ ಮಾತ್ರ ಮಣ್ಣಿನ ಹಿಂದೆ, ಮಳೆಯ ಹಿಂದೆ, ನಮ್ಮದೇ ತೋಳಿನ ಹಿಂದೆ ಮರೆಯಾಯಿತು.

ನಿಮ್ಮ ಮನೆಯಲ್ಲಿ ಆಗಿರುವುದೂ ಇದೇ. ಬಾಡಿಗೆ ಮನೆಯ ದಿನಗಳಲ್ಲಿ ನಿಮಗೆ ಮನ್ನ ಬೀಳುತ್ತಿತ್ತು. ಈಗ ತಿಂಗಳ ಕೊನೆಗೆ ಸಂಬಳ ಬೀಳುತ್ತದೆ. ಸಂಬಳಕ್ಕಾಗಿ ಯಾರು ಮೊಣಕಾಲೂರುತ್ತಾರೆ?

ಹೀಗಾಗುತ್ತದೆ ಎಂದು ಮೋಶೆ ಮೊದಲೇ ಹೇಳಿದ್ದ. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ ನೋಡಿ. ಮೊದಲು ಆ ದೇಶದ ವರ್ಣನೆ: ತೊರೆ, ಬುಗ್ಗೆ, ಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಜೇನು. ಇದೆಲ್ಲ ದೇವರೇ ಕೊಡುವುದು. ಸುಖವನ್ನು ಸೈತಾನ ತಂದಿಟ್ಟ ಬಲೆ ಎಂದು ಮೋಶೆ ಹೇಳುವುದಿಲ್ಲ. ಆಮೇಲೆ ಎಚ್ಚರಿಕೆ ಬರುತ್ತದೆ. ಹೊಟ್ಟೆ ತುಂಬಾ ತಿಂದು, ಒಳ್ಳೆಯ ಮನೆ ಕಟ್ಟಿ ಕುಳಿತಾಗ, ದನ ಕುರಿ ಬೆಳ್ಳಿ ಬಂಗಾರ ಹೆಚ್ಚಿದಾಗ ನೀವು ಮರೆಯುತ್ತೀರಿ, ನನ್ನ ಕೈಬಲವೇ ಇದನ್ನೆಲ್ಲ ಸಂಪಾದಿಸಿತು ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತೀರಿ ಎನ್ನುತ್ತಾನೆ. ‘ಮನಸ್ಸಿನಲ್ಲಿ’ ಎಂಬ ಮಾತನ್ನು ಗಮನಿಸಿ. ಬಾಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಬಾಯಲ್ಲಿ ‘ಎಲ್ಲಾ ಕರ್ತನ ಕೃಪೆ’ ಎಂದೇ ಬರುತ್ತದೆ. ನಾನೂ ಹಾಗೇ ಹೇಳುತ್ತೇನೆ. ಒಳಗೆ ಲೆಕ್ಕ ಬೇರೆ ಇರುತ್ತದೆ.

ಮೋಶೆಯ ಉತ್ತರವೂ ಚೆನ್ನಾಗಿದೆ. ನೀವೇನೂ ದುಡಿದಿಲ್ಲ ಎಂದು ಅವನು ಹೇಳಲಿಲ್ಲ. ಸಂಪಾದಿಸುವ ಶಕ್ತಿ ಕೊಟ್ಟವನು ಯಾರು ಎಂದು ನೆನಪಿಸಿದ. ಕೈ ನಿನ್ನದೇ ಇರಬಹುದು, ಆ ಕೈಗೆ ಕಸುವು ಎಲ್ಲಿಂದ ಬಂತು?

ಇದೇ ರೋಗ ಒಂದು ಇಡೀ ಸಭೆಗೆ ಹಿಡಿದದ್ದು ಲವೊದಿಕೀಯದಲ್ಲಿ. ಪ್ರಕಟನೆ 3ನೆಯ ಅಧ್ಯಾಯದ ಉಗುರುಬೆಚ್ಚಗಿನ ಸಭೆ ಎಂದರೆ ಎಲ್ಲರಿಗೂ ಗೊತ್ತು. ಆ ಊರಿನ ಕತೆ ಗೊತ್ತಿದ್ದರೆ, ಯೇಸು ಆ ಸಭೆಗೆ ಬರೆಸಿದ ಪತ್ರದ ಚುರುಕು ಇನ್ನೂ ಚೆನ್ನಾಗಿ ತಟ್ಟುತ್ತದೆ. ಅದು ಇಂದಿನ ಟರ್ಕಿಯ ದೆನಿಜ್ಲಿ ಪಟ್ಟಣದ ಹತ್ತಿರ, ಲೈಕಸ್ ಕಣಿವೆಯಲ್ಲಿತ್ತು. ಹಣದ ವ್ಯವಹಾರಕ್ಕೆ ಹೆಸರಾದ ಊರು. ಅಲ್ಲಿನ ಕಾಗೆಗಪ್ಪು ಉಣ್ಣೆಯನ್ನು ಗ್ರೀಕ್ ಭೂಗೋಳಕಾರ ಸ್ಟ್ರೇಬೊ ಹೊಗಳಿದ್ದಾನೆ. ಹತ್ತಿರದಲ್ಲೇ ಒಂದು ವೈದ್ಯಶಾಲೆ ಇತ್ತೆಂದೂ ಅವನೇ ಬರೆದಿದ್ದಾನೆ.

ಕ್ರಿ.ಶ. 17ರಲ್ಲಿ ಆ ಪ್ರಾಂತ್ಯದಲ್ಲಿ ದೊಡ್ಡ ಭೂಕಂಪವಾಯಿತು. ಸಾರ್ದಿಸ್ ಪಟ್ಟಣಕ್ಕೆ ಚಕ್ರವರ್ತಿ ತಿಬೇರಿಯ 1 ಕೋಟಿ ಸೆಸ್ಟರ್ಸ್ ನೆರವು ಕೊಟ್ಟು, 5 ವರ್ಷದ ತೆರಿಗೆಯನ್ನೂ ಬಿಟ್ಟ. ನೊಂದ ಊರು ರೋಮಿನ ಮುಂದೆ ಕೈಚಾಚುವುದು ಆಗ ಸಹಜವಾಗಿತ್ತು. ಸುಮಾರು ಕ್ರಿ.ಶ. 60ರಲ್ಲಿ ಲವೊದಿಕೀಯವೇ ನೆಲಸಮವಾಯಿತು. ಅದು ಯಾರ ನೆರವೂ ಇಲ್ಲದೆ ತನ್ನ ಸ್ವಂತ ಸಂಪತ್ತಿನಿಂದಲೇ ಎದ್ದು ನಿಂತಿತು ಎಂದು ರೋಮಿನ ಇತಿಹಾಸಕಾರ ಟಾಸಿಟಸ್ ದಾಖಲಿಸಿದ್ದಾನೆ.

ನನ್ನ ಕೇಳಿದರೆ ಅದು ಮೆಚ್ಚಬೇಕಾದ ಸಾಧನೆಯೇ. ಊರಿನವರು ಎದೆಯುಬ್ಬಿಸಿಕೊಂಡು ಹೇಳಿಕೊಂಡಿರಬೇಕು. ತಪ್ಪಾದದ್ದು ಆ ಹೆಮ್ಮೆ ಊರಿನಿಂದ ಸಭೆಯೊಳಕ್ಕೆ ನಡೆದುಬಂದಾಗ. ‘ನಾನು ಐಶ್ವರ್ಯವಂತ, ನನಗೆ ಯಾವ ಕೊರತೆಯೂ ಇಲ್ಲ’ ಎಂದು ಸಭೆ ಹೇಳತೊಡಗಿತು. ಇದಕ್ಕೆ ಯೇಸು ಕೊಟ್ಟ ಉತ್ತರವನ್ನು ಆ ಊರಿನ ಮಾರುಕಟ್ಟೆಯನ್ನು ನೆನೆದು ಓದಿ. ಹಣವಿದ್ದ ಊರಿಗೆ, ನನ್ನಿಂದ ಚಿನ್ನ ಕೊಂಡುಕೋ. ಕಪ್ಪು ಉಣ್ಣೆಯ ಊರಿಗೆ, ಬಿಳಿ ಬಟ್ಟೆ ಕೊಂಡುಕೋ. ವೈದ್ಯಶಾಲೆ ಇದ್ದ ಸೀಮೆಗೆ, ಕಣ್ಣಿಗೆ ಅಂಜನ ಕೊಂಡುಕೋ. ಅವರು ಯಾವುದರಲ್ಲಿ ನಮಗೆ ಕೊರತೆಯಿಲ್ಲ ಅಂದುಕೊಂಡಿದ್ದರೋ ಅಲ್ಲಿಗೇ ಬೆರಳಿಟ್ಟ.

ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀಯ ಎಂದು ಆ ಪತ್ರದಲ್ಲಿದೆ, ಹಾಗಾಗಿ ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹತ್ತಿರದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಕೊಲೊಸ್ಸೆಯ ಕಡೆ ತಣ್ಣನೆ ನೀರು ಹರಿಯುತ್ತಿತ್ತು. ಲವೊದಿಕೀಯಕ್ಕೆ ನೀರು ದೂರದಿಂದ ಕಲ್ಲಿನ ಕೊಳವೆಗಳಲ್ಲಿ ಬರಬೇಕಿತ್ತು. ಸುಣ್ಣ ಕಟ್ಟಿಕೊಂಡ ಆ ಕೊಳವೆಗಳು ಇಂದಿಗೂ ಉಳಿದಿವೆ. ಬಿಸಿನೀರು ಮೈ ನೋವಿಗೆ ಹಿತ, ತಣ್ಣೀರು ಬಾಯಾರಿಕೆಗೆ ಹಿತ. ಉಗುರುಬೆಚ್ಚಗಿನದು ಎರಡಕ್ಕೂ ಆಗದು. ಹಾಗಾಗಿ ‘ಬಿಸಿ ಎಂದರೆ ಭಕ್ತ, ತಣ್ಣಗೆ ಎಂದರೆ ನಾಸ್ತಿಕ’ ಎಂದು ಹೇಳುವ ಪ್ರಸಂಗಗಳಿಗಿಂತ ‘ಯಾರಿಗೂ ಉಪಯೋಗವಾಗದವರು’ ಎಂಬ ಅರ್ಥವೇ ನನಗೆ ಸರಿ ಕಾಣುತ್ತದೆ. ಕೊರತೆಯೇ ಇಲ್ಲದ ಸಭೆ ಇನ್ನೊಬ್ಬರ ಕೊರತೆಗೂ ಒದಗುವುದಿಲ್ಲ.

ಅದೇ ಪ್ರಕಟನೆಯ 2ನೆಯ ಅಧ್ಯಾಯದಲ್ಲಿ ಸ್ಮುರ್ನ ಸಭೆಗೂ ಒಂದು ಪತ್ರವಿದೆ. ‘ನಿನ್ನ ಬಡತನ ನನಗೆ ಗೊತ್ತು, ಆದರೂ ನೀನು ಐಶ್ವರ್ಯವಂತ.’ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ನಾನು ಬೇರೆ ವ್ಯಾಖ್ಯಾನ ಕೊಡುವುದಿಲ್ಲ.

ಬಾಗಿಲು ತಟ್ಟುವ ಯೇಸುವಿನ ಚಿತ್ರ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದು ಅವಿಶ್ವಾಸಿಯ ಬಾಗಿಲು ಎಂದೇ ತುಂಬಾ ಜನ ತಿಳಿದಿದ್ದಾರೆ. ಆ ವಚನ ಇರುವುದು ಲವೊದಿಕೀಯದವರಿಗೆ ಬರೆದ ಇದೇ ಪತ್ರದಲ್ಲಿ. ಒಳಗೆ ಸಭೆ ನಡೆಯುತ್ತಿದೆ, ಹೊರಗೆ ಕರ್ತನು ನಿಂತಿದ್ದಾನೆ. ಒಳಗಿರುವವರಿಗೆ ಅವನು ಇಲ್ಲದ್ದು ಗೊತ್ತೇ ಆಗಿಲ್ಲ.

ಈಗ ನನ್ನದೇ ಒಂದು ಮಾತು. ಪ್ರಸಂಗ ಮಾಡಲು ಶುರು ಮಾಡಿದ ವರ್ಷಗಳಲ್ಲಿ ವೇದಿಕೆ ಹತ್ತುವ ಮುನ್ನ ಕೈ ಬೆವರುತ್ತಿತ್ತು. ‘ಕರ್ತನೇ, ಮಾತು ಕೊಡು’ ಎಂದು ಬೇಡಿಕೊಳ್ಳದೆ ಹತ್ತುತ್ತಿರಲಿಲ್ಲ. ಎಷ್ಟೋ ವರ್ಷಗಳಾದ ಮೇಲೆ ಒಂದು ಭಾನುವಾರ ಪ್ರಸಂಗ ಮುಗಿಸಿ ಕೆಳಗಿಳಿದಾಗ ನೆನಪಾಯಿತು: ಅವತ್ತು ನಾನು ಪ್ರಾರ್ಥಿಸಿಯೇ ಇರಲಿಲ್ಲ. ಪ್ರಸಂಗ ಕೆಟ್ಟಿದ್ದರೆ ಸಮಾಧಾನವಾಗುತ್ತಿತ್ತೇನೋ. ಅದು ಚೆನ್ನಾಗಿ ಆಗಿತ್ತು! ಎಂದಿಗಿಂತ ಜಾಸ್ತಿ ಜನ ಕೈಕುಲುಕಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೇವರಿಲ್ಲದೆಯೂ ದೇವರ ಬಗ್ಗೆ ಚೆನ್ನಾಗಿ ಮಾತಾಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಇದನ್ನು ಹೇಳಿದ್ದು ಏಕೆಂದರೆ, ಸ್ವಂತ ಬಲದ ಮೇಲೆ ಆತುಕೊಳ್ಳುವುದು ಹಣವಿದ್ದವರ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ನನಗೆ ಅದು ಅನುಭವದ ವೇಷದಲ್ಲಿ ಬಂತು. ಕೆಲವರಿಗೆ ಆರೋಗ್ಯದ ವೇಷದಲ್ಲಿ, ಕೆಲವರಿಗೆ ಸಭ್ಯತೆಯ ವೇಷದಲ್ಲಿ ಬರುತ್ತದೆ.

ಸಭ್ಯತೆಯದು ಎಲ್ಲಕ್ಕಿಂತ ಸೂಕ್ಷ್ಮ. ಐದನೆಯ ಶತಮಾನದ ಆರಂಭದಲ್ಲಿ ಪೆಲಾಗಿಯ ಎಂಬ ಶಿಸ್ತಿನ ಮನುಷ್ಯನಿದ್ದ. ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬದುಕಬಲ್ಲ ಎಂಬುದು ಅವನ ಬೋಧನೆ. ‘ನೀನು ಆಜ್ಞಾಪಿಸುವುದನ್ನು ನಡೆಸಲು ನೀನೇ ಶಕ್ತಿ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು’ ಎಂಬ ಅರ್ಥದ, ಅದೇ ಕಾಲದ ಸಭಾಧ್ಯಕ್ಷ ಅಗಸ್ಟೀನನ ಪ್ರಾರ್ಥನೆ ಕೇಳಿ ಅವನಿಗೆ ಸಿಟ್ಟೇ ಬಂತಂತೆ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭಾ ಹಿರಿಯರು ಪೆಲಾಗಿಯನ ಬೋಧನೆಯನ್ನು ತಳ್ಳಿಹಾಕಿದರು. ಅದು ಕಾಗದದ ಮೇಲೆ ಸತ್ತು 1600 ವರ್ಷವಾಯಿತು. ಎದೆಯೊಳಗೆ ಇನ್ನೂ ಸತ್ತಿಲ್ಲ. ‘ತನ್ನ ಕೈಲಾದ್ದನ್ನು ಮಾಡುವವನಿಗೆ ದೇವರು ಸಹಾಯ ಮಾಡುತ್ತಾನೆ’ ಎಂಬುದು ಸತ್ಯವೇದದ ಯಾವ ವಚನ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಅದು ಸತ್ಯವೇದದಲ್ಲಿ ಇಲ್ಲವೇ ಇಲ್ಲ. ಈಸೋಪನ ಕತೆಗಳ ಕಾಲದಿಂದ ಬಂದ ಗಾದೆ ಅದು, ಬೆಂಜಮಿನ್ ಫ್ರಾಂಕ್ಲಿನ್ 1736ರ ತನ್ನ ಪಂಚಾಂಗದಲ್ಲಿ ಅಚ್ಚು ಹಾಕಿ ಇನ್ನಷ್ಟು ಹರಡಿದ. ಸತ್ಯವೇದದ ದೇವರು ಕೈಲಾಗದವರಿಗೇ ಸಹಾಯ ಮಾಡಿದ್ದು ಜಾಸ್ತಿ. ಯುದ್ಧಕ್ಕೆ ಹೊರಟ ಗಿದ್ಯೋನನ 32,000 ಜನರನ್ನು ದೇವರು 300ಕ್ಕೆ ಇಳಿಸಿದ್ದು ಯಾಕೆ? ‘ನಮ್ಮ ಕೈಯೇ ನಮ್ಮನ್ನು ರಕ್ಷಿಸಿತು’ ಎಂದು ಅವರು ಕೊಚ್ಚಿಕೊಳ್ಳಬಾರದು ಅಂತ.

ಯೆಹೂದದ ಅರಸ ಉಜ್ಜೀಯನ ಕತೆ ನಿಮಗೆ ಹತ್ತಿರವಾಗಬಹುದು. 16ನೆಯ ವಯಸ್ಸಿಗೆ ಪಟ್ಟಕ್ಕೆ ಬಂದು 52 ವರ್ಷ ಆಳಿದವನು. ಕೋಟೆ ಕಟ್ಟಿದ, ಬಾವಿ ತೋಡಿಸಿದ, ಬೇಸಾಯವೆಂದರೆ ಪ್ರಾಣ. ಬಲಿಷ್ಠನಾಗುವ ತನಕ ಅವನಿಗೆ ಆಶ್ಚರ್ಯಕರವಾಗಿ ಸಹಾಯ ದೊರೆಯಿತು, ಬಲಿಷ್ಠನಾದ ಮೇಲೆ ಮನಸ್ಸು ಉಬ್ಬಿಹೋಯಿತು ಎಂದು ಎರಡನೆಯ ಪೂರ್ವಕಾಲವೃತ್ತಾಂತ 26 ಹೇಳುತ್ತದೆ. ಸಹಾಯ ಬಂದದ್ದೇ ಬಲವಾಯಿತು, ಬಲ ಬಂದದ್ದೇ ಸಹಾಯ ಮರೆತುಹೋಯಿತು.

ಎರಡನೆಯ ಪ್ರಶ್ನೆ: ಎಲ್ಲ ಬಿಟ್ಟುಬಿಡಬೇಕಾ? ಯೇಸು ಒಬ್ಬ ಐಶ್ವರ್ಯವಂತನಿಗೆ ಹಾಗೆ ಹೇಳಿದ್ದು ನಿಜ. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಸುಳುವುದು ಸುಲಭ ಎಂಬ ಮಾತು ಬಂದದ್ದೂ ಅಲ್ಲೇ. ಯೆರೂಸಲೇಮಿನಲ್ಲಿ ‘ಸೂಜಿಕಣ್ಣು’ ಎಂಬ ಸಣ್ಣ ಬಾಗಿಲಿತ್ತು, ಒಂಟೆ ಮೊಣಕಾಲೂರಿ ನುಸುಳುತ್ತಿತ್ತು ಎಂಬ ಕತೆ ನೀವೂ ಕೇಳಿರಬಹುದು. ಅಂಥ ಬಾಗಿಲಿಗೆ ಯಾವ ಆಧಾರವೂ ಇಲ್ಲ. ಐಶ್ವರ್ಯವಂತರಿಗೆ ಹಿತವಾಗಲಿ ಎಂದು ಯಾರೋ ಆಮೇಲೆ ಕಟ್ಟಿದ್ದು. ಯೇಸು ಹೇಳಿದ್ದು ಆಗದ ಮಾತನ್ನೇ. ಅದಕ್ಕೇ ಶಿಷ್ಯರು ಬೆರಗಾಗಿ ‘ಹಾಗಾದರೆ ಯಾರು ರಕ್ಷಣೆ ಹೊಂದಾರು’ ಎಂದರು. ಮನುಷ್ಯರಿಗೆ ಆಗದು, ದೇವರಿಗೆ ಆಗುತ್ತದೆ ಎಂಬುದು ಅವನ ಉತ್ತರ. ಅಂದರೆ ಆಸ್ತಿ ಮಾರಿಬಿಟ್ಟು ‘ನಾನು ಮಾರಿದೆ’ ಎಂದು ಬೀಗಿದರೂ ನಾವು ನಿಂತಿರುವುದು ಅದೇ ಸ್ವಂತ ಬಲದ ಮೇಲೆ.

ಯೇಸು ಎಲ್ಲರಿಗೂ ಒಂದೇ ಮಾತು ಹೇಳಲಿಲ್ಲ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯ ಆಸ್ತಿಯಲ್ಲಿ ಅರ್ಧ ಕೊಡುತ್ತೇನೆ ಅಂದಾಗ ‘ಉಳಿದರ್ಧ ಎಲ್ಲಿ’ ಎಂದು ಕೇಳಲಿಲ್ಲ. ಯೇಸುವಿನ ದೇಹವನ್ನು ಇಟ್ಟ ಸಮಾಧಿ ಅರಿಮಥಾಯದ ಯೋಸೇಫ ಎಂಬ ಐಶ್ವರ್ಯವಂತನದು. ಬಡತನವನ್ನು ಪವಿತ್ರ ಎಂದು ಮಾಡುವುದೂ ನನಗೆ ಇಷ್ಟವಿಲ್ಲ. ಹಸಿವು ಎಷ್ಟೋ ಜನರನ್ನು ದೇವರಿಂದ ದೂರ ಮಾಡಿದೆ. ಜ್ಞಾನೋಕ್ತಿ 30ರಲ್ಲಿ ಆಗೂರ ಎಂಬವನು ಬಡತನ, ಐಶ್ವರ್ಯ ಎರಡೂ ಬೇಡ ಎಂದು ಬೇಡಿಕೊಳ್ಳುತ್ತಾನೆ. ಹೊಟ್ಟೆ ತುಂಬಿದರೆ ‘ಯೆಹೋವನು ಯಾರು’ ಅಂದೇನು, ಬಡವನಾದರೆ ಕಳವು ಮಾಡಿ ದೇವರ ಹೆಸರಿಗೆ ಕೆಟ್ಟದ್ದು ತಂದೇನು ಎಂದು ಅವನಿಗೆ ಹೆದರಿಕೆ. ತನ್ನ ಮೇಲೆ ತನಗೇ ನಂಬಿಕೆಯಿಲ್ಲದವನ ಪ್ರಾರ್ಥನೆ ಅದು. ನಂಬಿಕೆ ಹಸಿಯಾಗಲಿ ಎಂದು ಮತ್ತೆ ಕಷ್ಟ ಬರಲಿ ಅಂತ ಮಾತ್ರ ಬಯಸಬೇಡಿ.

ಹಾಗಾದರೆ ಮಾಡುವುದೇನು? ಲೂಕ 12ರಲ್ಲಿ, ಬೆಳೆ ಹೆಚ್ಚಾಗಿ ಇನ್ನೂ ದೊಡ್ಡ ಕಣಜ ಕಟ್ಟಲು ಹೊರಟ ಬುದ್ಧಿಹೀನ ಐಶ್ವರ್ಯವಂತನನ್ನು ನೋಡಿ. ಅವನ ಮಾತಿನಲ್ಲಿ ‘ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಜೀವ’ ಎಂದು ಎಷ್ಟು ಸಲ ಬರುತ್ತದೆ ಎಣಿಸಿ. ಇನ್ನೊಂದು ಸಂಗತಿಯೂ ಕಾಣುತ್ತದೆ: ಅವನು ಮಾತಾಡುತ್ತಿರುವುದು ತನ್ನ ಜೊತೆಗೇ. ಯೋಚನೆ, ಸಲಹೆ, ಅಭಿನಂದನೆ ಎಲ್ಲ ಒಬ್ಬನೇ. ಕೇಳಲು ದೇವರೂ ಬೇಕಾಗಿಲ್ಲ, ಪಕ್ಕದ ಮನೆಯವನೂ ಬೇಕಾಗಿಲ್ಲ. ದೇವರು ಅವನಿಗೆ ಹೇಳಿದ ‘ಈ ರಾತ್ರಿಯೇ ನಿನ್ನ ಪ್ರಾಣವನ್ನು ಕೇಳುವರು’ ಎಂಬಲ್ಲಿ ಗ್ರೀಕಿನಲ್ಲಿರುವುದು ಕೊಟ್ಟ ಸಾಲವನ್ನು ವಾಪಸ್ ಕೇಳುವ ಮಾತು. ‘ನನ್ನ’ ಪಟ್ಟಿಯ ಕೊನೆಯದೂ ಅವನದಾಗಿರಲಿಲ್ಲ.

ಹಾಗಾಗಿ ಮೊದಲು ಕೇಳುವ ಅಭ್ಯಾಸ ವಾಪಸ್ ಬರಬೇಕು. ದುಡ್ಡಿನಿಂದ ಆಗದ್ದು ನಿಮ್ಮ ಮನೆಯಲ್ಲಿ ಏನಿದೆ, ಒಂದು ಸಂಜೆ ಕುಳಿತು ಬರೆಯಿರಿ. ಮಾತು ನಿಂತುಹೋದ ಸಂಬಂಧಿಕರು ಯಾರಾದರೂ ಇದ್ದಾರಾ? ಬಿಡಲಾಗದ ಸಿಟ್ಟು? ಗಂಡ ಹೆಂಡತಿ ಮಾತಾಡದೆ ದಾಟಿಹೋಗುವ ವಿಷಯ? ಕೇಳಲು ಏನೂ ಇಲ್ಲ ಎಂದು ಅನಿಸುವುದು ಖರ್ಚಿನ ಪಟ್ಟಿಯನ್ನೇ ಪ್ರಾರ್ಥನೆಯ ಪಟ್ಟಿ ಮಾಡಿಕೊಂಡಿದ್ದರಿಂದ. ಆ ಪಟ್ಟಿ ಖಾಲಿಯಾಯಿತು, ಪ್ರಾರ್ಥನೆಯೂ ಖಾಲಿಯಾಯಿತು. ಇನ್ನು ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು’ ಎಂಬ ಮಾತನ್ನು ತಿಂಗಳ ದಿನಸಿ ಮನೆಯಲ್ಲಿ ತುಂಬಿರುವಾಗಲೇ ನಿಧಾನವಾಗಿ ಹೇಳಿ. ಮೊದಮೊದಲು ಸುಳ್ಳು ಹೇಳಿದಂತೆ ಅನಿಸುತ್ತದೆ. ಅನಿಸಲಿ, ಬಿಡಬೇಡಿ.

ಮತ್ತೆ, ಕೊಡುವುದು. ಇಲ್ಲಿ ಜಾನ್ ವೆಸ್ಲಿಯ ಮಾತು ಹೇಳಲೇಬೇಕು. 1780ರ ದಶಕದಲ್ಲಿ, ಮುಪ್ಪಿನಲ್ಲಿ, ತಾನೇ ಕಟ್ಟಿದ ಮೆಥಡಿಸ್ಟ್ ಚಳವಳಿಯ ಬಗ್ಗೆ ಅವನಿಗೆ ಒಂದು ಭಯ ಹಿಡಿಯಿತು. ನಿಜವಾದ ಭಕ್ತಿ ಬಂದರೆ ಜನ ಶ್ರಮಪಟ್ಟು ದುಡಿಯುತ್ತಾರೆ, ದುಂದು ಬಿಡುತ್ತಾರೆ. ಹಾಗೆ ಮಾಡಿದರೆ ಹಣ ಸೇರುತ್ತದೆ. ಹಣ ಸೇರಿದರೆ ಗರ್ವ, ಲೋಕದ ಮೋಹ ಬೆಳೆದು ಭಕ್ತಿ ಸೊರಗುತ್ತದೆ. ಭಕ್ತಿಯೇ ಭಕ್ತಿಯನ್ನು ತಿನ್ನುವ ವಿಚಿತ್ರ! ಇದಕ್ಕೆ ಅವನು ಕಂಡ ದಾರಿ ಒಂದೇ: ದುಡಿಯುವಷ್ಟು ದುಡಿ, ಉಳಿಸುವಷ್ಟು ಉಳಿಸು, ಆಮೇಲೆ ಕೊಡುವಷ್ಟು ಕೊಡು. ಮೂರನೆಯದು ಬಿಟ್ಟು ಮೊದಲ ಎರಡನ್ನು ಮಾಡುವವರು ತುಂಬಾ. ಅವನಂತೂ ಆಕ್ಸ್‌ಫರ್ಡಿನಲ್ಲಿದ್ದಾಗ ವರಮಾನ 30 ಪೌಂಡ್ ಇದ್ದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಆಯಿತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ನಾವೆಲ್ಲ ಹಾಗೆ ಬದುಕಲಾರೆವು, ನಾನೂ ಬದುಕಿಲ್ಲ. ಆದರೆ ದಶಮಾಂಶ ಕೊಟ್ಟ ಮೇಲೆ ಉಳಿದ ಒಂಬತ್ತು ಪಾಲು ಯಾರದು ಎಂಬ ಪ್ರಶ್ನೆಯನ್ನು ಅದು ಎಬ್ಬಿಸುತ್ತದೆ, ಅಲ್ವಾ? ನಿಮ್ಮ ಲೆಕ್ಕಾಚಾರ ಸ್ವಲ್ಪ ಅಲುಗಾಡುವಷ್ಟು ಒಂದು ಸಲ ಕೊಟ್ಟು ನೋಡಿ. ಅವತ್ತು ರಾತ್ರಿ ಪ್ರಾರ್ಥನೆಗೆ ಮಾತು ತಾನಾಗಿ ಬರುತ್ತದೆ.

ಇನ್ನೊಂದು, ಇದು ಕೊಡುವುದಕ್ಕಿಂತ ಕಷ್ಟ: ಇನ್ನೊಬ್ಬರ ಹತ್ತಿರ ನೆರವು ಕೇಳಿ. ನಾವು ಸಭೆಯಲ್ಲಿ ಸದಾ ಕೊಡುವ ಜಾಗದಲ್ಲೇ ನಿಲ್ಲಲು ಇಷ್ಟಪಡುತ್ತೇವೆ. ‘ನನಗಾಗಿ ಪ್ರಾರ್ಥಿಸಿ, ನಾನು ಒಣಗಿದ್ದೇನೆ’ ಎಂದು ನಿಮಗಿಂತ ಕಡಿಮೆ ಇರುವ ಒಬ್ಬ ವಿಶ್ವಾಸಿಯ ಹತ್ತಿರ ಹೇಳಿ. ಪೌಲನಿಗೆ ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂದದ್ದು, ಮೈಯಲ್ಲಿ ನಾಟಿದ ಮುಳ್ಳಿನಂಥ ತೊಂದರೆ ಹೋಗಲಿ ಎಂದು ಅವನು ಮೂರು ಸಲ ಬೇಡಿಕೊಂಡ ಮೇಲೆ. ಮುಳ್ಳು ಹೋಗಲಿಲ್ಲ, ಬೇಡುವುದು ವ್ಯರ್ಥವೂ ಆಗಲಿಲ್ಲ.

ಮಕ್ಕಳ ವಿಷಯ. ಅವರಿಗಾಗಿ ಕೃತಕವಾಗಿ ಕಷ್ಟ ಮಾಡಿಕೊಡಬೇಡಿ, ಅವರಿಗೆ ಅದು ಗೊತ್ತಾಗಿಬಿಡುತ್ತದೆ. ಧರ್ಮೋಪದೇಶಕಾಂಡ 6ರಲ್ಲಿ, ‘ಈ ಆಜ್ಞೆಗಳೆಲ್ಲ ಏನು’ ಎಂದು ಮಗ ಕೇಳಿದರೆ ಉಪದೇಶ ಮಾಡು ಎಂದಿಲ್ಲ. ‘ನಾವು ಐಗುಪ್ತದಲ್ಲಿ ದಾಸರಾಗಿದ್ದೆವು’ ಎಂದು ಕತೆಯಿಂದ ಶುರು ಮಾಡು ಎಂದಿದೆ. ಐಗುಪ್ತವನ್ನು ಕಣ್ಣಿನಿಂದ ನೋಡದ ಮಕ್ಕಳಿಗೂ ‘ನಾವು’ ಎಂದೇ ಹೇಳಬೇಕು. ಆ ಬಾಡಿಗೆ ಮನೆಯ ಕತೆ ನಿಮ್ಮ ಮಕ್ಕಳಿಗೆ ಗೊತ್ತಾ? ನಾಚಿಕೆಯಿಂದ ಮುಚ್ಚಿಟ್ಟಿದ್ದೀರೇನೋ ಎಂದು ನನಗೆ ಅನುಮಾನ. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ರಾತ್ರಿ ಏನು ಕೇಳಿಕೊಂಡಿರಿ, ಯಾರು ಬಂದು ಬಾಗಿಲು ತಟ್ಟಿದರು, ಯಾವ ಪ್ರಾರ್ಥನೆಗೆ ಉತ್ತರ ಬರಲೇ ಇಲ್ಲ, ಎಲ್ಲ ಹೇಳಿ. ಸಾಲ ಎಷ್ಟಿತ್ತು ಅಂತಲೂ ಹೇಳಿಬಿಡಿ. ಮಕ್ಕಳಿಗೆ ಅಂಕಿ ಚೆನ್ನಾಗಿ ನೆನಪಿರುತ್ತದೆ.